ದೂರದ ಸವಾರಿಯಲ್ಲಿ ಸೀಟು ನೋವು: ಚರ್ಮದ ಸೀಟಿಗೆ ಅಷ್ಟು ದುಡ್ಡು ಹಾಕಬಹುದಾ?

ಮೈಸೂರು_ಪೆಡಲ್:
ಎಲ್ಲರಿಗೂ ನಮಸ್ಕಾರ. ನನ್ನದು ಸ್ಟೀಲ್ ಫ್ರೇಮಿನ ಟೂರಿಂಗ್ ಸೈಕಲ್. ಹ್ಯಾಂಡಲ್ ಸೀಟಿಗಿಂತ ತುಸು ಮೇಲಿದೆ. ನಂಜನಗೂಡು, ಶ್ರೀರಂಗಪಟ್ಟಣ ಅಂತ ಹೋಗಿ ಬಂದರೆ ಏನೂ ತೊಂದರೆ ಇಲ್ಲ. ಈಚೆಗೆ 200 ಕಿ.ಮೀ. ಬಿಆರ್‌ಎಂ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಮಾಡಿದೆ. ಹದಿಮೂರೂವರೆ ಗಂಟೆಯ ಗಡುವಿನೊಳಗೆ ಮುಗಿಯಿತು, ಆದರೆ ಅರ್ಧ ದಾರಿ ದಾಟಿದ ಮೇಲೆ ಸೀಟಿನ ಮೇಲೆ ಕೂರುವುದೇ ಕಷ್ಟವಾಯಿತು. ಕೊನೆಕೊನೆಗೆ ಎದ್ದು ನಿಂತೇ ತುಳಿದೆ. ಆಮೇಲೆ ಒಂದು ದಪ್ಪ ಜೆಲ್ ಕವರ್ ತಂದು ಹಾಕಿದೆ. ನೋವು ಕಡಿಮೆಯಾಗುವ ಬದಲು ಇನ್ನೂ ಜಾಸ್ತಿಯಾಗಿದೆ.

ಮುಂದೆ 300 ಮಾಡುವ ಆಸೆ ಇದೆ. ಜೊತೆಯವರು ಬ್ರೂಕ್ಸ್ ಕಂಪನಿಯ ಬಿ17 ಚರ್ಮದ ಸೀಟು ಹಾಕಿಸು ಅಂತಾರೆ. ಬೆಲೆ ನೋಡಿದರೆ ಹತ್ತು ಸಾವಿರಕ್ಕೂ ಮೇಲೆ. ಅಷ್ಟು ಗಟ್ಟಿ ಚರ್ಮದ ಮೇಲೆ ಕೂತರೆ ಆರಾಮ ಹೇಗೆ ಸಿಗುತ್ತೆ ಅನ್ನೋದೇ ನನಗೆ ಅರ್ಥವಾಗಿಲ್ಲ. ಅನುಭವ ಇರುವವರು ಹೇಳಿ.

ಹಾಸನ_ರಾಂಡೋ:
ದುಡ್ಡಿನ ಮಾತು ಆಮೇಲೆ. ಮೊದಲು ನೋವು ಎಲ್ಲಿ ಅಂತ ಸರಿಯಾಗಿ ಹೇಳಿ ಸರ್. ಕೂರುವ ಎರಡು ಮೂಳೆಗಳ ಹತ್ತಿರವಾ? ಮಧ್ಯದ ಮೆತ್ತನೆ ಜಾಗದಲ್ಲಿ ಜೋಮು ಹಿಡಿಯುತ್ತಾ? ಅಥವಾ ತೊಡೆಸಂದಿಯಲ್ಲಿ ಉಜ್ಜಿ ಗಾಯವಾಗುತ್ತಾ? ಮೂರಕ್ಕೂ ಕಾರಣ ಬೇರೆ. ಉಜ್ಜುವುದಾದರೆ ಅದು ಹೆಚ್ಚಾಗಿ ಚಡ್ಡಿಯ ತೊಂದರೆ ಅಥವಾ ಸೀಟು ತುಂಬಾ ಎತ್ತರ ಇರೋದು. ಅದಕ್ಕೆ ಹೊಸ ಸೀಟು ಬೇಕಿಲ್ಲ.

ಮೈಸೂರು_ಪೆಡಲ್:
ಎರಡು ಮೂಳೆಗಳ ಜಾಗದಲ್ಲೇ ಸರ್. ಬೆರಳಿಟ್ಟು ತೋರಿಸಬಹುದು, ಅಷ್ಟು ಸ್ಪಷ್ಟ. ಜೆಲ್ ಕವರ್ ಹಾಕಿದ ಮೇಲೆ ಮಧ್ಯದಲ್ಲೂ ಸ್ವಲ್ಪ ಜೋಮು ಬರುತ್ತಿದೆ. ಪ್ಯಾಡ್ ಇರುವ ಚಡ್ಡಿ ಇದೆ. ಗಾಯ ಏನೂ ಇಲ್ಲ.

ಹಾಸನ_ರಾಂಡೋ:
ಹಾಗಾದರೆ ಮೊದಲು ಆ ಜೆಲ್ ಕವರ್ ತೆಗೆದುಬಿಡಿ. ನಿಮ್ಮ ಮೂಳೆ ಮೆತ್ತನೆ ಪದಾರ್ಥದೊಳಗೆ ಇಳಿದಾಗ, ಆ ಜೆಲ್ ಪಕ್ಕಕ್ಕೆ ಸರಿದು ಮಧ್ಯದಲ್ಲಿ ಉಬ್ಬುತ್ತದೆ. ನರ, ರಕ್ತನಾಳ ಇರುವ ಜಾಗವನ್ನೇ ಒತ್ತುತ್ತದೆ. ಜೋಮು ಬರೋದು ಅದಕ್ಕೇ. ಅರ್ಧ ಗಂಟೆಯ ಓಡಾಟಕ್ಕೆ ಮೆತ್ತಗಿನ ಸೀಟು ಚೆನ್ನ, ಹತ್ತು ಗಂಟೆಗೆ ಅಲ್ಲ.

ಚರ್ಮದ ಸೀಟಿನಲ್ಲಿ ಒಳಗೆ ಸ್ಪಂಜೂ ಇಲ್ಲ, ಕೆಳಗೆ ಪ್ಲಾಸ್ಟಿಕ್ ತಳವೂ ಇಲ್ಲ. ದಪ್ಪ ಚರ್ಮವನ್ನು ಮುಂದೆ ಮೂಗಿನ ಹತ್ತಿರ ಮತ್ತು ಹಿಂದೆ ಲೋಹದ ಪಟ್ಟಿಗೆ ರಿವೆಟ್ ಹೊಡೆದು ಎಳೆದು ಕಟ್ಟಿರುತ್ತಾರೆ. ಹಗ್ಗದ ಮಂಚ ನೋಡಿದ್ದೀರಲ್ವಾ, ಹಾಗೆ. ಮುಟ್ಟಿದರೆ ಗಟ್ಟಿ, ಆದರೆ ಭಾರ ಬಿದ್ದ ಕಡೆ ಬಗ್ಗುತ್ತದೆ. ಓಡಿಸುತ್ತಾ ಹೋದಂತೆ ನಿಮ್ಮ ಮೂಳೆ ಕೂರುವ ಜಾಗದಲ್ಲೇ ಎರಡು ತಗ್ಗು ಬೀಳುತ್ತವೆ. ಅಲ್ಲಿಂದ ಆ ಸೀಟು ನಿಮ್ಮದು, ಬೇರೆಯವರಿಗೆ ಅಷ್ಟು ಹೊಂದುವುದಿಲ್ಲ. ಬೆವರು ಕೂಡ ಪ್ಲಾಸ್ಟಿಕ್ ಸೀಟಿನಷ್ಟು ನಿಲ್ಲುವುದಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಇದು ದೊಡ್ಡ ವಿಷಯ.

ಆದರೆ ಒಂದು ಮಾತು ಒತ್ತಿ ಹೇಳ್ತೀನಿ. ಅಗಲ ಹೊಂದದಿದ್ದರೆ ಯಾವ ಚರ್ಮವೂ ಕಾಪಾಡುವುದಿಲ್ಲ. "ಸಾವಿರ ಕಿ.ಮೀ. ನೋವು ತಡ್ಕೋ, ಪಳಗುತ್ತೆ" ಅಂತ ಹೇಳುವವರ ಮಾತು ಕೇಳಬೇಡಿ. ಹೊಸ ಚರ್ಮ ಗಟ್ಟಿಯಾಗಿರುತ್ತದೆ, ಸ್ವಲ್ಪ ದಿನ ಬಿಗಿ ಅನಿಸುತ್ತದೆ, ಅದು ಸಹಜ. ಮೊದಲ ವಾರದಲ್ಲೇ ಜೋಮು ಅಥವಾ ಚುಚ್ಚುವ ನೋವು ಬಂದರೆ ಅದು ಪಳಗುವ ನೋವಲ್ಲ. ಆ ಸೀಟು ನಿಮಗಲ್ಲ ಅಷ್ಟೆ.

ಅಗಲ ತಿಳಿಯಲು ದುಡ್ಡು ಬೇಕಿಲ್ಲ. ರಟ್ಟಿನ ಡಬ್ಬದ ಒಂದು ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಡಿ. ತೆಳು ಬಟ್ಟೆಯಲ್ಲಿ ಕೂತು, ಸೈಕಲ್ ಮೇಲೆ ಬಗ್ಗುವಷ್ಟೇ ಮುಂದಕ್ಕೆ ಬಗ್ಗಿ, ಹಿಮ್ಮಡಿ ಎತ್ತಿ ಭಾರ ಬಿಡಿ. ರಟ್ಟಿನಲ್ಲಿ ಎರಡು ಗುಳಿ ಬೀಳುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಸೀಟು ಅದಕ್ಕಿಂತ ಎರಡು ಮೂರು ಸೆಂ.ಮೀ. ಆದರೂ ಜಾಸ್ತಿ ಇರಬೇಕು. ಚರ್ಮದ ಸೀಟಿಗೆ ಇನ್ನೂ ಸ್ವಲ್ಪ ಬಿಟ್ಟುಕೊಳ್ಳಿ, ಯಾಕೆಂದರೆ ಹಿಂದಿನ ಅಂಚಿನಲ್ಲಿ ಲೋಹದ ಪಟ್ಟಿ ಇದೆ. ಮೂಳೆ ಅದರ ಮೇಲೆ ಕೂತರೆ ನರಕ. ಬಿ17 ಸುಮಾರು 17 ಸೆಂ.ಮೀ. ಅಗಲ, ಅದರದೇ ನ್ಯಾರೋ ಮಾದರಿ ಸುಮಾರು 15. ನೆಟ್ಟಗೆ ಕೂತು ಓಡಿಸುವವರಿಗೆ ಸ್ಪ್ರಿಂಗ್ ಇರುವ ಬಿ67 ಇದೆ, ಅದು 20 ಸೆಂ.ಮೀ. ದಾಟುತ್ತದೆ. ನಿಮ್ಮ ಹ್ಯಾಂಡಲ್ ಎತ್ತರ ಕೇಳಿದರೆ ಬಿ17 ಹೊಂದುವ ಸಾಧ್ಯತೆ ಜಾಸ್ತಿ. ಹ್ಯಾಂಡಲ್ ಸೀಟಿಗಿಂತ ತೀರಾ ಕೆಳಗಿರುವ ರೇಸ್ ಸೈಕಲ್ಲಾಗಿದ್ದರೆ ನಾನು ಬೇಡ ಅಂತಿದ್ದೆ.

ಕೊಪ್ಪದ_ಸವಾರ:
ಮಲೆನಾಡಿನವನಾಗಿ ಕೇಳ್ತಿದ್ದೀನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮನೆಯೊಳಗಿನ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಇಲ್ಲಿ ಚರ್ಮದ ಸೀಟು ಬಾಳುತ್ತಾ?

ಬರ್ಮಿಂಗ್ಹ್ಯಾಂ_ಕನ್ನಡಿಗ:
ಈ ಸೀಟು ಹುಟ್ಟಿದ ಊರಲ್ಲೇ ಇದ್ದೀನಿ, ಅದಕ್ಕೇ ಹೇಳ್ತೀನಿ. ಬ್ರೂಕ್ಸ್ 1866ರಲ್ಲಿ ಬರ್ಮಿಂಗ್ಹ್ಯಾಂನಲ್ಲಿ ಶುರುವಾಯಿತು. ಮೊದಲು ಮಾಡುತ್ತಿದ್ದದ್ದು ಕುದುರೆ ಸಾಮಾನು. ಸೈಕಲ್ ಸೀಟಿನ ಪೇಟೆಂಟ್ 1882ರದು. ಕಾರ್ಖಾನೆ ಪಕ್ಕದ ಸ್ಮೆದಿಕ್‌ನಲ್ಲಿದೆ, 2002ರಿಂದ ಒಡೆತನ ಇಟಲಿಯ ಸೆಲ್ಲೆ ರಾಯಲ್‌ನದು.

ಇಲ್ಲೂ ಜಿನುಗು ಮಳೆಗೆ ಬರವಿಲ್ಲ, ಆದರೂ ಸೀಟುಗಳು ಬಾಳುತ್ತವೆ. ಗುಟ್ಟು ಇರೋದು ಮಡ್‌ಗಾರ್ಡಿನಲ್ಲಿ. ಎಲ್ಲರೂ ಮೇಲಿಂದ ಬೀಳುವ ನೀರಿಗೆ ಹೆದರುತ್ತಾರೆ. ಹಾಳು ಮಾಡೋದು ಹಿಂದಿನ ಚಕ್ರ ಎರಚುವ ನೀರು. ಚರ್ಮದ ಕೆಳಮುಖಕ್ಕೆ ಹೊಳಪಿನ ಪದರ ಇರುವುದಿಲ್ಲ, ನೀರು ಸೀದಾ ಹೀರಿಕೊಳ್ಳುತ್ತದೆ. ನೆನೆದ ಸೀಟಿನ ಮೇಲೆ ಕೂತು ಓಡಿಸಿದರೆ ಚರ್ಮ ಜೋತುಬೀಳುತ್ತದೆ.

ನೆನೆದರೆ ನೆರಳಲ್ಲಿ, ಗಾಳಿಯಲ್ಲಿ ನಿಧಾನ ಒಣಗಿಸಿ. ಬಿಸಿಲಿಗೆ, ಒಲೆ ಹತ್ತಿರ ಇಡಲೇಬೇಡಿ, ಸೀಳು ಬಿಡುತ್ತದೆ. ಒಣಗಿದ ಮೇಲೆ ಕಂಪನಿಯ ಪ್ರೂಫೈಡ್ ಮೇಣವನ್ನು ತೆಳ್ಳಗೆ ಸವರಿ, ಕೆಳಮುಖಕ್ಕೂ ಹಚ್ಚಿ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಯಾವುದೂ ಬೇಡ. ಚರ್ಮ ಅತಿಯಾಗಿ ಮೆದುವಾಗಿ ಬಿಗಿ ಕಳಕೊಳ್ಳುತ್ತದೆ. ಹೊಸ ಸೀಟಿನ ಬಣ್ಣ ತಿಳಿ ಬಣ್ಣದ ಚಡ್ಡಿಗೆ ಹತ್ತುತ್ತದೆ, ಅದೂ ಗಮನದಲ್ಲಿರಲಿ.

ಹಾಸನ_ರಾಂಡೋ:
ಬರ್ಮಿಂಗ್ಹ್ಯಾಂನವರು ಹೇಳಿದ್ದು ಪೂರ್ತಿ ಸರಿ. ಆದರೂ ಕೊಪ್ಪದವರಿಗೆ ನನ್ನ ಉತ್ತರ ಬೇರೆ. ದಿನಾ ಮಳೆಯಲ್ಲಿ ಓಡಿಸುವವರು, ರಾತ್ರಿ ಸೈಕಲ್ ಹೊರಗೆ ನಿಲ್ಲಿಸುವವರು ಚರ್ಮದ ಗೋಜಿಗೆ ಹೋಗಬೇಡಿ. ಆಗುಂಬೆ ಕಡೆಯ ಮಳೆ ಇಂಗ್ಲೆಂಡಿನ ಜಿನುಗಲ್ಲ. ಬ್ರೂಕ್ಸ್‌ನದೇ ಕೇಂಬಿಯಂ ಸಿ17 ಇದೆ. ರಬ್ಬರಿನ ಸೀಟು, ಮೇಲೆ ಹತ್ತಿ ಬಟ್ಟೆ. ಇದನ್ನೂ ಹಾಗೇ ಎಳೆದು ಕಟ್ಟಿರುತ್ತಾರೆ. ಪಳಗಿಸುವ ಕೆಲಸ ಇಲ್ಲ, ಮೇಣ ಬೇಡ, ಮಳೆಗೆ ಜಗ್ಗುವುದಿಲ್ಲ. ಆದರೆ ಮೂಳೆಯ ಅಚ್ಚಿಗೆ ತಗ್ಗು ಬೀಳುವ ಗುಣವೂ ಇಲ್ಲ.

ಮೈಸೂರು_ಪೆಡಲ್:
ಇನ್ನೊಂದು ವಿಷಯ. ಮನೆಯಲ್ಲಿ ದನದ ಚರ್ಮ ಅಂದರೆ ಅಮ್ಮನಿಗೆ ಆಗೋದಿಲ್ಲ. ಇದು ಯಾವ ಚರ್ಮ?

ಬರ್ಮಿಂಗ್ಹ್ಯಾಂ_ಕನ್ನಡಿಗ:
ದನದ್ದೇ. ಮೇಣದಲ್ಲೂ ಪ್ರಾಣಿ ಕೊಬ್ಬು ಇದೆ. ಮುಚ್ಚಿಟ್ಟು ತರಬೇಡಿ, ಅಮ್ಮನ ಹತ್ತಿರ ಮೊದಲೇ ಮಾತಾಡಿ. ಅವರಿಗೆ ಬೇಡವೆಂದರೆ ಕೇಂಬಿಯಂ ಒಳ್ಳೆಯ ದಾರಿ.

ಮೈಸೂರು_ಪೆಡಲ್:
ಮಾತಾಡಿದೆ. ಸೈಕಲ್ ನಡುಮನೆಗೆ ಬರದಿದ್ದರೆ ಸರಿ ಅಂದರು. ರಟ್ಟಿನ ಅಳತೆ 12 ಸೆಂ.ಮೀ. ಬಂತು. ಬೆಂಗಳೂರಿನಲ್ಲಿ ಒಬ್ಬರು ಬಳಸಿದ ಬಿ17 ಅರ್ಧ ಬೆಲೆಗೆ ಕೊಡ್ತೀನಿ ಅಂತಿದ್ದಾರೆ. ತಗೊಳ್ಳಲಾ?

ಹಾಸನ_ರಾಂಡೋ:
ಆ ಅಳತೆಗೆ ಬಿ17 ಹೊಂದಬೇಕು. ಬಳಸಿದ್ದು ತಗೊಳ್ಳುವುದು ತಪ್ಪಲ್ಲ, ಆದರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ. ಹೋಗಿ ನೋಡಿ. ಮೂಗಿನ ಕೆಳಗೆ ಚರ್ಮ ಬಿಗಿಯುವ ಬೋಲ್ಟ್ ಇರುತ್ತದೆ. ಅದನ್ನು ಈಗಾಗಲೇ ಕೊನೆವರೆಗೂ ತಿರುಗಿಸಿ ಆಗಿದೆಯಾ ನೋಡಿ. ಆಗಿದ್ದರೆ ಚರ್ಮ ಎಳೆದೆಳೆದು ಸೋತಿದೆ ಅಂತ ಅರ್ಥ. ರಿವೆಟ್ ಸುತ್ತ ಸೀಳಿದ್ದರೂ ಬಿಟ್ಟುಬಿಡಿ. ಪಕ್ಕದಿಂದ ನೋಡಿದಾಗ ನಡುವೆ ಆಳವಾಗಿ ಕುಸಿದಿದ್ದರೂ ಬೇಡ. ಹಿಂದಿನವರ ಮೂಳೆಯ ತಗ್ಗು ಸ್ವಲ್ಪ ಕಂಡರೆ ಚಿಂತೆಯಿಲ್ಲ, ಆಳವಾಗಿದ್ದರೆ ಹೊಸದನ್ನೇ ತಗೊಳ್ಳಿ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದಿರಿ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟ ಹತ್ತಿ ಇಳಿಯುವವರಿಗೆ ಇದು ಬೇಡ. ಅರ್ಧ ಕೆ.ಜಿ.ಗೂ ಮೇಲೆ ತೂಗುತ್ತದೆ, ಆರೈಕೆ ಬೇಡುತ್ತದೆ. 300, 400 ಅಂತ ಮುಂದೆ ಹೋಗುವವರಿಗೆ, ಅಳತೆ ಹೊಂದಿದರೆ, ಖಂಡಿತ ಬೆಲೆ ಬಾಳುತ್ತದೆ. ಸ್ಪಂಜಿನ ಸೀಟು ಕೆಲವು ವರ್ಷಕ್ಕೆ ಚಪ್ಪಟೆಯಾಗುತ್ತದೆ. ಚೆನ್ನಾಗಿ ನೋಡಿಕೊಂಡ ಚರ್ಮದ ಸೀಟು ಹತ್ತು ವರ್ಷ ದಾಟಿಯೂ ಓಡುತ್ತದೆ.

ಹಾಕುವಾಗ ಮೂಗನ್ನು ಸಮತಟ್ಟಿಗಿಂತ ಒಂದು ಕೂದಲೆಳೆ ಮೇಲಕ್ಕೆ ಇಡಿ. ಚರ್ಮ ನುಣುಪು, ಸಮ ಇಟ್ಟರೆ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬೀಳುತ್ತದೆ. ಇದರ ಕೆಳಗಿನ ಕಂಬಿ ಗಿಡ್ಡ, ಹಿಂದಕ್ಕೆ ಸರಿಸಲು ಜಾಗ ಕಡಿಮೆ. ಈಗಿನ ಸೀಟು ಪೂರ್ತಿ ಹಿಂದಕ್ಕೆ ಇದ್ದರೆ, ಹಿಂದಕ್ಕೆ ಬಾಗಿದ ಸೀಟ್ ಪೋಸ್ಟ್ ಬೇಕಾಗಬಹುದು. ಇದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಬೋಲ್ಟನ್ನು ಸುಮ್ನೆ ಮುಟ್ಟಬೇಡಿ. ಚರ್ಮ ಸಡಿಲವಾದಾಗ ಮಾತ್ರ ಕಾಲು ಸುತ್ತು, ಅದೂ ಪೂರ್ತಿ ಒಣಗಿರುವಾಗ. 300ರ ದಿನ ಹೊಸ ಸೀಟಿನಲ್ಲಿ ಹೊರಡಬೇಡಿ, ಒಂದೆರಡು ತಿಂಗಳು ಮೊದಲೇ ಹಾಕಿಸಿಕೊಳ್ಳಿ.