ಅಗ್ಗದ ಟೀ ಶರ್ಟ್ ತಗೊಂಡ್ರೆ ನಮ್ಮ ಮೇಲೂ ಹೊಣೆ ಇದೆಯಾ?

ಹಾಸನದ_ಹುಡುಗ:
ಮೊನ್ನೆ 299 ರೂಪಾಯಿಗೆ ಟೀ ಶರ್ಟ್ ತಗೊಂಡೆ, ಮನೇಲಿ ನೋಡಿದ್ರೆ ಬಾಂಗ್ಲಾದೇಶ ಅಂತ ಲೇಬಲ್. ರಾಣಾ ಪ್ಲಾಜಾ ನೆನಪಾಯ್ತು. 2013 ಏಪ್ರಿಲ್ 24, ಢಾಕಾ ಹತ್ರ ಸಾವರ್‌ನಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ಆ ಬಿಲ್ಡಿಂಗ್ ಕುಸಿದು 1,100ಕ್ಕೂ ಹೆಚ್ಚು ಜನ ಸತ್ರಲ್ಲ, ಹಿಂದಿನ ದಿನಾನೇ ಬಿರುಕು ಕಾಣ್ಸಿತ್ತು, ಕೆಳಗಿದ್ದ ಬ್ಯಾಂಕು ಅಂಗಡಿಗಳು ಬಾಗಿಲು ಹಾಕ್ಕೊಂಡ್ವು, ಹೊಲಿಯೋರನ್ನ ಮಾತ್ರ ಮಾರನೇ ದಿನ ಒಳಗೆ ಕಳಿಸಿದ್ರು. ಆಗ ಅವ್ರ ಕನಿಷ್ಠ ಸಂಬಳ ತಿಂಗಳಿಗೆ 3,000 ಟಾಕಾ. ನಾನೇನು ಅವ್ರನ್ನ ಒಳಗೆ ತಳ್ಳಲಿಲ್ಲ, ಆದ್ರೆ ಆ ರೇಟು ನನ್ನಂಥೋರಿಗೋಸ್ಕರಾನೇ ಅಲ್ವಾ? ಇಂಥದ್ದು ಕೊಳ್ಳೋದೇ ಬಿಡ್ಬೇಕಾ?

ಕಡೂರಿನವ:
ಬಿಟ್ರೆ ಅವ್ರ ಹೊಟ್ಟೆಗೇ ಕಲ್ಲು. ಆ ದೇಶದ ರಫ್ತಿನಲ್ಲಿ 80%ಗಿಂತ ಜಾಸ್ತಿ ಬಟ್ಟೇನೇ. ಸಂಬಳ ಏರಿಸಿ ಅಂತ ಹಟ ಹಿಡಿದ್ರೂ ಆರ್ಡರ್ ಬೇರೆ ದೇಶಕ್ಕೆ ಹೋಗತ್ತೆ, ನಾವೇನು ಮಾಡೋಕಾಗತ್ತೆ ಹೇಳಿ.

ಪೀಣ್ಯದವಳು:
ಕೊಳ್ಳೋದು ಬಿಡ್ಬೇಡಿ, ಅದು ನಿಜ. ಆದ್ರೆ ಆರ್ಡರ್ ಹೋಗತ್ತೆ ಅನ್ನೋ ಮಾತು ಹುಟ್ಟಿದಾಗಿಂದ ಕೇಳಿದೀನಿ. ಅಲ್ಲಿ ಕನಿಷ್ಠ ಸಂಬಳ ಅದೇ 2013ರಲ್ಲಿ 5,300 ಆಯ್ತು, 2018ರಲ್ಲಿ 8,000, 2023ರಲ್ಲಿ 12,500, ಆರ್ಡರ್ ಎಲ್ಲೂ ಓಡಿಹೋಗ್ಲಿಲ್ಲ. ಕಾರ್ಮಿಕರು ಕೇಳಿದ್ದು 23,000, ಅದಕ್ಕೆ ಬೀದೀಲಿ ಜೀವ ಕೊಟ್ಟೋರೂ ಇದಾರೆ. ದುರಂತ ಆದ್ಮೇಲೆ 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಫ್ಯಾಕ್ಟರಿ ಸೇಫ್ಟಿ ಒಪ್ಪಂದಕ್ಕೆ ಸಹಿ ಹಾಕಿದ್ದು ಕನಿಕರದಿಂದ ಅಲ್ಲ, ಯೂನಿಯನ್‌ಗಳು ಬಿಡ್ಲಿಲ್ಲ, ಹೊರದೇಶದಲ್ಲಿ ಕೊಳ್ಳೋ ಜನಾನೂ ಕೇಳಿದ್ರು, ಅದಕ್ಕೆ.

ನಮ್ಮಮ್ಮ ಇಲ್ಲೇ ಬೆಂಗಳೂರಲ್ಲಿ ಹತ್ತೊಂಬತ್ತು ವರ್ಷ ಗಾರ್ಮೆಂಟ್ಸ್ ಟೈಲರ್. ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್, ಟಾಯ್ಲೆಟ್‌ಗೆ ಎದ್ರೆ ಪೀಸ್ ಕಮ್ಮಿ ಆಗತ್ತೆ ಅಂತ ನೀರೇ ಕುಡೀತಿರ್ಲಿಲ್ಲ. 2016ರಲ್ಲಿ 58 ವರ್ಷ ಆಗೋ ತನಕ ಪಿಎಫ್ ಪೂರ್ತಿ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ರೂಲ್ ತಂದಾಗ ಏಪ್ರಿಲ್‌ನಲ್ಲಿ ಸಾವಿರಾರು ಹೆಂಗಸ್ರು ಹೊಸೂರು ರೋಡು, ತುಮಕೂರು ರೋಡು ಬಂದ್ ಮಾಡಿದ್ರಲ್ಲ, ಅಮ್ಮಾನೂ ಹೋಗಿದ್ಲು. ಎರಡೇ ದಿನಕ್ಕೆ ರೂಲ್ ವಾಪಸ್. ಆದ್ರೆ ಟ್ರಾಫಿಕ್‌ನಲ್ಲಿ ಸಿಕ್ಕೊಂಡೋರು ಬೈದ ಬೈಗುಳ ಅಮ್ಮಂಗೆ ಇವತ್ತಿಗೂ ನೆನಪಿದೆ. ಬಟ್ಟೆ ಹಾಕ್ಕೊಳ್ಳಿ, ಅವ್ರು ರೋಡಿಗೆ ಬಂದಾಗ ಯಾಕೆ ಬಂದ್ರು ಅಂತ ಒಂದ್ಸಲ ಕೇಳಿ, ಅಷ್ಟೇ ನಾನು ಕೇಳೋದು.

ಹಾಸನದ_ಹುಡುಗ:
ಅವತ್ತು ಬೊಮ್ಮನಹಳ್ಳೀಲಿ ಬಸ್ಸಲ್ಲಿ ಮೂರು ಗಂಟೆ ಕೂತಿದ್ದೆ ನಾನೂ. ಯಾಕೆ ಅಂತ ಕೇಳ್ಲಿಲ್ಲ. ಅಮ್ಮಂಗೆ ಪಿಎಫ್ ಬಂತಾ?

ಪೀಣ್ಯದವಳು:
ಬಂತು. ತಮ್ಮನ ಡಿಪ್ಲೊಮಾ ಫೀಸ್‌ಗೆ ಹೋಯ್ತು.