ಮೊದಲಿನಿಂದ ಕೊನೆಯವರೆಗೆ ಕೇಳಬೇಕಾದ ಆಲ್ಬಮ್‌ಗಳು: ನಿಮ್ಮ ಆಯ್ಕೆ ಯಾವುದು?

ಪ್ರಶ್ನೆ

ನಾನು ಹೆಚ್ಚಾಗಿ ಕೇಳುವುದು ಹಿಂದೂಸ್ತಾನಿ ವಾದ್ಯಸಂಗೀತವನ್ನು. ಅದರಲ್ಲಿಯೂ 1967ರ ‘ಕಾಲ್ ಆಫ್ ದಿ ವ್ಯಾಲಿ’ ನನಗೆ ಬಹಳ ಪ್ರಿಯವಾದ ಆಲ್ಬಮ್. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು ಮತ್ತು ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್ ಒಂದಾಗಿ, ಕುರಿಗಾಹಿಯೊಬ್ಬನ ಒಂದು ದಿನವನ್ನು ಅಹಿರ್ ಭೈರವ ರಾಗದಿಂದ ಪಹಾಡಿ ರಾಗದವರೆಗೆ ಚಿತ್ರಿಸುವ ಆ ಕೃತಿಯಲ್ಲಿ ಒಂದು ತುಣುಕನ್ನಷ್ಟೇ ಆಯ್ದು ಕೇಳಲು ಮನಸ್ಸೊಪ್ಪುವುದಿಲ್ಲ. ಜಾಝ್, ರಾಕ್, ಪಾಶ್ಚಾತ್ಯ ಶಾಸ್ತ್ರೀಯ ಮುಂತಾದ ಪ್ರಕಾರಗಳಲ್ಲಿಯೂ ಹೀಗೆ ಇಡಿಯಾಗಿಯೇ ಕೇಳಬೇಕೆನಿಸುವ ಆಲ್ಬಮ್‌ಗಳನ್ನು ದಯವಿಟ್ಟು ಸೂಚಿಸಿ. ಉದ್ದನೆಯ ಪಟ್ಟಿ ಬೇಕಿಲ್ಲ. ಕೇಳುವಾಗ ಯಾವುದಕ್ಕೆ ಕಿವಿಗೊಡಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಜಾಝ್‌ಗೆ ನನ್ನ ಆಯ್ಕೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ (1959). ಎಲ್ಲರೂ ಹೇಳುವ ಹೆಸರೇ ಆದರೂ, ರಾಗಸಂಗೀತಕ್ಕೆ ಒಗ್ಗಿದ ಕಿವಿಗೆ ಇದಕ್ಕಿಂತ ಸಹಜವಾದ ಪ್ರವೇಶವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಮುಂಚಿನ ಜಾಝ್‌ನಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ವೇಗವಾಗಿ ಬದಲಾಗುತ್ತಿದ್ದವು, ಕಲಾವಿದನ ಮನೋಧರ್ಮವೆಲ್ಲ ಅವುಗಳ ಬೆನ್ನಟ್ಟುವುದರಲ್ಲಿ ತೊಡಗುತ್ತಿತ್ತು. ಇಲ್ಲಿ ಹೆಚ್ಚಿನ ಕಡೆ ಒಂದೇ ಸ್ವರಶ್ರೇಣಿಯಲ್ಲಿ ನಿಂತು, ಅದನ್ನು ನಿಧಾನವಾಗಿ ಅರಳಿಸಲು ಅವಕಾಶವಿದೆ.

ಮೊದಲ ರಚನೆಯಾದ ‘ಸೋ ವಾಟ್’ ಅನ್ನೇ ತೆಗೆದುಕೊಳ್ಳಿ. ಪಿಯಾನೊ ಮತ್ತು ಬೇಸ್ (ಮಂದ್ರಸ್ವರದ ತಂತಿವಾದ್ಯ) ತಾಳದ ಕಟ್ಟಿಲ್ಲದೆ ಆರಂಭಿಸುತ್ತವೆ. ಬಳಿಕ ಮುಖ್ಯ ಧಾಟಿಯನ್ನು ಬೇಸ್ ನುಡಿಸುತ್ತದೆ, ಉಳಿದ ವಾದ್ಯಗಳು ಎರಡೇ ಸ್ವರಗಳಲ್ಲಿ ಉತ್ತರ ಕೊಡುತ್ತವೆ. ಡೋರಿಯನ್ ಎಂದು ಕರೆಯುವ ಆ ಸ್ವರಶ್ರೇಣಿಯಲ್ಲಿರುವುದು ಹಿಂದೂಸ್ತಾನಿಯ ಕಾಫಿ ಥಾಟಿನ (ಮೂಲ ಸ್ವರಶ್ರೇಣಿಯ) ಸ್ವರಗಳೇ, ಅಂದರೆ ಕೋಮಲ ಗಾಂಧಾರ ಮತ್ತು ಕೋಮಲ ನಿಷಾದ. ಹದಿನಾರು ಬಾರ್‌ಗಳ (ತಾಳದ ಆವರ್ತಗಳ) ನಂತರ ಇಡೀ ಶ್ರೇಣಿ ಅರ್ಧ ಸ್ವರದಷ್ಟು ಮೇಲೇರಿ, ಎಂಟು ಬಾರ್ ಅಲ್ಲಿದ್ದು, ಮತ್ತೆ ಕೆಳಗಿಳಿಯುತ್ತದೆ. ಆಧಾರಸ್ವರವಾದ ಷಡ್ಜವೇ ಸರಿದಂತೆ ಭಾಸವಾಗುವ ಈ ಕ್ಷಣ ಒಮ್ಮೆ ಗುರುತಿಗೆ ಸಿಕ್ಕಿತೆಂದರೆ, ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆ್ಯಡರ್ಲಿ ಅವರ ಸ್ಯಾಕ್ಸೊಫೋನ್‌ಗಳು ಅದನ್ನು ದಾಟುವ ಬಗೆಯಲ್ಲಿರುವ ವ್ಯತ್ಯಾಸವೂ ತಾನಾಗಿಯೇ ತಿಳಿಯುತ್ತದೆ.

ಉತ್ತರ 2

ಪಾಶ್ಚಾತ್ಯ ಶಾಸ್ತ್ರೀಯಕ್ಕೆ ಒಂದೇ ಆಲ್ಬಮ್ ಹೇಳಿದರೆ ಅನ್ಯಾಯವಾಗುತ್ತದೆ, ಆದ್ದರಿಂದ ಒಂದೇ ಕೃತಿಯ ಎರಡು ಧ್ವನಿಮುದ್ರಣಗಳನ್ನು ಹೇಳುತ್ತೇನೆ. ಜರ್ಮನಿಯ ಸಂಗೀತ ರಚನಕಾರ ಬಾಖ್ ಅವರ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಅನ್ನು ಗ್ಲೆನ್ ಗೂಲ್ಡ್ 1955ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಪಿಯಾನೊದಲ್ಲಿ ನುಡಿಸಿ ಹೆಸರಾದರು. ಅದನ್ನೇ 1981ರಲ್ಲಿ ಮತ್ತೊಮ್ಮೆ ಮುದ್ರಿಸಿದರು. ಮೊದಲನೆಯದು 40 ನಿಮಿಷದೊಳಗೆ ಮುಗಿಯುತ್ತದೆ, ಎರಡನೆಯದಕ್ಕೆ 50 ನಿಮಿಷಕ್ಕೂ ಹೆಚ್ಚು ಬೇಕು. ಎರಡನೆಯದರಲ್ಲಿ ಕೆಲವು ಭಾಗಗಳನ್ನು ಪುನರಾವರ್ತಿಸಿದ್ದಾರೆ ನಿಜ. ಆದರೆ ಆರಂಭದ ಏರಿಯಾ (ಕೃತಿಯ ಮೂಲ ಧಾಟಿಯ ಭಾಗ) ಒಂದನ್ನೇ ಹೋಲಿಸಿ ಕೇಳಿದರೂ ಸಾಕು, ಮೊದಲ ಸಲ ಎರಡು ನಿಮಿಷವೂ ಹಿಡಿಯದ ಆ ಭಾಗ ಎರಡನೆಯ ಸಲ ಮೂರು ನಿಮಿಷ ದಾಟುತ್ತದೆ.

ಅದರ ನಂತರ ಬರುವ ಮೂವತ್ತು ವೇರಿಯೇಷನ್‌ಗಳಲ್ಲಿ (ರೂಪಾಂತರಗಳಲ್ಲಿ) ಏರಿಯಾದ ರಾಗಧಾಟಿಯನ್ನು ಹುಡುಕಬೇಡಿ. ಅವು ನಿಂತಿರುವುದು ಎಡಗೈ ನುಡಿಸುವ ಕೆಳಸ್ಥಾಯಿಯ ಮೇಲೆ. ಅದನ್ನು ಹಿಡಿದುಕೊಂಡರೆ ದಾರಿ ತಪ್ಪುವುದಿಲ್ಲ.

ಉತ್ತರ 3

ರಾಕ್‌ನಲ್ಲಿ ಇಡಿಯಾಗಿ ಕೇಳಲೇಬೇಕಾದದ್ದು ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973). ಹಾಡುಗಳು ಒಂದರೊಳಗೊಂದು ಬೆಸೆದುಕೊಂಡಿರುವುದರಿಂದ ಕ್ರಮ ಬದಲಿಸಿ ಕೇಳಿದರೆ ಅದರ ಅರ್ಧ ಸೊಗಸು ಹೋಗಿಬಿಡುತ್ತದೆ. ಎಲ್‌ಪಿ ತಟ್ಟೆಯ ಮೊದಲ ಬದಿಯ ಕೊನೆಯಲ್ಲಿ ಕ್ಲೇರ್ ಟೋರಿ ಅವರು ಒಂದೂ ಪದವಿಲ್ಲದೆ, ಬರಿಯ ಕಂಠದಿಂದ ಹಾಡಿರುವ ಭಾಗಕ್ಕೆ ನಿಮ್ಮಂಥ ಕೇಳುಗರು ಖಂಡಿತ ಮನಸೋಲುವಿರಿ.

ಉತ್ತರ 4

ಮೇಲಿನ ಸಲಹೆಗಳೆಲ್ಲ ಸರಿಯಾಗಿವೆ, ಆದರೆ ಪ್ರಶ್ನೆ ಕೇಳಿದವರ ಕಿವಿಗೆ ತೀರ ಹತ್ತಿರವಾದದ್ದೊಂದು ಬಿಟ್ಟುಹೋಗಿದೆ. ಕಾಬ್ರಾ ಅವರ ಗಿಟಾರ್ ನಿಮಗೆ ಹಿಡಿಸಿದ್ದರೆ, ಅದರಲ್ಲಿ ನಿಮ್ಮನ್ನು ಸೆಳೆದಿರುವುದು ತಂತಿಯ ಮೇಲೆ ಸರಳನ್ನು ಜಾರಿಸಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ತೆಗೆಯುವ ಕ್ರಮವೇ ಇರಬೇಕು. ಅದೇ ತಂತ್ರವನ್ನು ವಿಶ್ವಮೋಹನ ಭಟ್ ಗಿಟಾರನ್ನು ಮಾರ್ಪಡಿಸಿ ರೂಪಿಸಿದ ತಮ್ಮ ಮೋಹನವೀಣೆಯಲ್ಲಿಯೂ, ಅಮೆರಿಕದ ರೈ ಕೂಡರ್ ಬ್ಲೂಸ್ ಪದ್ಧತಿಯ ಸ್ಲೈಡ್ ಗಿಟಾರ್‌ನಲ್ಲಿಯೂ ಬಳಸುತ್ತಾರೆ. 1993ರ ‘ಎ ಮೀಟಿಂಗ್ ಬೈ ದಿ ರಿವರ್’ ಆಲ್ಬಮ್ಮಿನಲ್ಲಿ ಈ ಇಬ್ಬರೂ ಜೊತೆಗೂಡಿ ನುಡಿಸಿದ್ದಾರೆ. ಅದಕ್ಕೆ ಮೊದಲು ಅವರು ಒಟ್ಟಿಗೆ ನುಡಿಸಿದ್ದೇ ಇಲ್ಲ. ಒಬ್ಬರು ಸ್ವರವೊಂದನ್ನು ಎಳೆದು ಬಿಟ್ಟಾಗ ಇನ್ನೊಬ್ಬರು ಕಾಯುವ ರೀತಿಯನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಅದು ಹಿಡಿಸಿದರೆ, ಕೂಡರ್ ಅವರು ಮಾಲಿ ದೇಶದ ಅಲಿ ಫರ್ಕಾ ತುರೆ ಅವರೊಂದಿಗೆ ಮಾಡಿದ ‘ಟಾಕಿಂಗ್ ಟಿಂಬಕ್ಟು’ (1994), ಅದರ ನಂತರ ಕ್ಯೂಬಾದ ಹಿರಿಯ ಕಲಾವಿದರೊಂದಿಗೆ ಹವಾನಾದಲ್ಲಿ ಮುದ್ರಿಸಿದ ‘ಬ್ಯೂನಾ ವಿಸ್ಟಾ ಸೋಶಿಯಲ್ ಕ್ಲಬ್’ (1997) ಕೇಳಬಹುದು. ಹೀಗೆ ಪರಿಚಿತ ಕಲಾವಿದರೊಬ್ಬರ ಬೆನ್ನು ಹತ್ತಿ ಒಂದು ಪ್ರಕಾರದಿಂದ ಇನ್ನೊಂದಕ್ಕೆ ಹೋಗುವುದನ್ನೇ ನಾನು ಮೆಚ್ಚುತ್ತೇನೆ. ಗೂಲ್ಡ್ ಅವರ ಎರಡು ಮುದ್ರಣಗಳಲ್ಲಿ 1981ರದ್ದನ್ನು ಮೊದಲು ಕೇಳಿ. ನಿಧಾನಗತಿಯ ವಿಳಂಬಿತಕ್ಕೆ ಒಗ್ಗಿದವರಿಗೆ ಅದರ ನಡೆ ಬೇಗ ದಕ್ಕುತ್ತದೆ.