ಫೈಟ್ ಸೀನ್ ಮನಸ್ಸಿಗೆ ನಾಟಬೇಕಾದರೆ ಏನಿರಬೇಕು?

ತುಮಕೂರಿನಿಂದ ಪ್ರಶ್ನೆ:
ಅಣ್ಣಂದಿರೇ, ಅಕ್ಕಂದಿರೇ, ಗೆಳೆಯರೆಲ್ಲ ಸೇರಿ ಕಿರುಚಿತ್ರ ಮಾಡ್ತಿದ್ದೀವಿ. ಅಡಿಕೆ ಮಂಡಿಯಲ್ಲಿ ಅಣ್ಣತಮ್ಮಂದಿರ ಹೊಡೆದಾಟ ಇದೆ. ಫೋನಿನಲ್ಲೇ ಶೂಟಿಂಗ್. ರೋಪ್ ಇಲ್ಲ, ಫೈಟ್ ಮಾಸ್ಟರೂ ಇಲ್ಲ. ಒಳ್ಳೆ ಫೈಟ್‌ಗೆ ಏನು ಬೇಕು, ನಿಮ್ಮ ಅನುಭವ ಹೇಳಿ.

ಗುಬ್ಬಿಯಿಂದ:
ತಮ್ಮಾ, ನಾನು ಊರಿನ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪಾತ್ರ ಮಾಡ್ತೀನಿ. ನಮ್ಮ ಗದೆ ಪೊಳ್ಳು, ಮಗು ಕೂಡ ಎತ್ತಬಹುದು. ಅದಕ್ಕೆ ಭಾರ ಬರೋದು ಹೊಡೆಯೋನಿಂದ ಅಲ್ಲ, ಏಟು ತಿನ್ನೋನಿಂದ. ಭೀಮ ಬೀಸಿದಾಗ ನಾನು ತತ್ತರಿಸಿ, ಗದೆ ಊರಿಕೊಂಡು ಉಸಿರು ಎಳೆದರೆ ಹಿಂದೆ ಕೂತವರೂ ‘ಅಯ್ಯಯ್ಯೋ’ ಅಂತಾರೆ. ನಾನು ಅಲುಗಾಡದಿದ್ದರೆ ಭೀಮ ಎಷ್ಟು ಅಬ್ಬರಿಸಿದರೂ ದಂಡ. ನಿಮ್ಮ ಹುಡುಗರಿಗೆ ಮೊದಲು ಬೀಳೋದನ್ನ ಕಲಿಸು.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಏಟು ತೊಡೆಗೇ ಬೀಳುತ್ತೆ ಅಂತ ಜನಕ್ಕೆ ಮೊದಲೇ ಗೊತ್ತು. ಆದರೂ ಬೆಳಗಿನ ಜಾವದವರೆಗೆ ನಿದ್ದೆಗೆಟ್ಟು ಕಾಯ್ತಾರೆ. ದ್ರೌಪದಿಗಾದ ಅವಮಾನ, ಭೀಮನ ಶಪಥ ಅವರ ಮನಸ್ಸಿನಲ್ಲಿರುತ್ತೆ. ನಿಮ್ಮ ಅಣ್ಣತಮ್ಮಂದಿರು ಯಾವುದಕ್ಕೆ ಕೈ ಮಾಡ್ತಾರೆ? ಅದನ್ನ ಜಗಳಕ್ಕೆ ಮುಂಚೆಯೇ ತೋರಿಸಿಬಿಡು.

ಕೆಜಿಎಫ್‌ನಿಂದ:
ಜಾಗವನ್ನೇ ಬಳಸಿಕೊಳ್ಳಿ ಬ್ರದರ್. ನಮ್ಮೂರಿನ ಹೆಸರಿನ 2018ರ ಸಿನಿಮಾಗೆ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಧೂಳು, ಕತ್ತಲು, ಬೆಂಕಿ ಎಲ್ಲವೂ ಫೈಟ್‌ನಲ್ಲಿ ಪಾಲು ತಗೊಂಡಿವೆ. ಜಾಕಿ ಚಾನ್ ಕುರ್ಚಿ, ಏಣಿ, ಕೈಗೆ ಸಿಕ್ಕಿದ್ದರಲ್ಲೇ ಹೊಡೆದಾಡ್ತಾನೆ. ನಿಮ್ಮ ಮಂಡಿಯಲ್ಲಿ ಮೂಟೆ ಇದೆ, ತಕ್ಕಡಿ ಇದೆ, ಕಾಲಿಟ್ಟರೆ ಜಾರೋ ಅಡಿಕೆ ಇದೆ!

ಚಿಂತಾಮಣಿಯಿಂದ:
ನಾನು ಮದುವೆ ವಿಡಿಯೋ ಎಡಿಟಿಂಗ್ ಮಾಡ್ತೀನಿ, ಆ ಕಣ್ಣಿನಿಂದಲೇ ಹೇಳ್ತಿದ್ದೀನಿ. ಗುಬ್ಬಿಯವರ ಮಾತು ಪೂರ್ತಿ ಒಪ್ಪಿದೆ. ಆದರೆ ಕ್ಯಾಮೆರಾ ಮುಖದ ಹತ್ತಿರವೇ ಇರುತ್ತಲ್ಲ, ನಾಟಕದಷ್ಟು ದೊಡ್ಡದಾಗಿ ತತ್ತರಿಸಬೇಡಿ.

ಪ್ರತಿ ಏಟಿಗೂ ಕಟ್ ಮಾಡಿದರೆ ಯಾರು ಯಾರಿಗೆ ಹೊಡೆದರು ಅನ್ನೋದೇ ತಿಳಿಯಲ್ಲ, ನನಗಂತೂ ಅಂಥ ಫೈಟ್ ನೋಡಿದರೆ ತಲೆನೋವು. ಅಣ್ಣ ಎಡಗಡೆ ಇದ್ದರೆ ಸುಮ್ಮಸುಮ್ಮನೆ ಅವನನ್ನ ಬಲಗಡೆ ತರಬೇಡಿ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಲ್ಲಿ ಕಟ್‌ಗಳು ಲೆಕ್ಕವಿಲ್ಲದಷ್ಟಿವೆ, ಆದರೂ ಗೊಂದಲ ಆಗಲ್ಲ. ನೋಡಬೇಕಾದದ್ದನ್ನ ಫ್ರೇಮಿನ ನಡುವೆಯೇ ಇಟ್ಟಿದ್ದಾರೆ, ಕಣ್ಣು ಹುಡುಕಾಡೋ ಹಾಗಿಲ್ಲ. ಮಾರ್ಗರೆಟ್ ಸಿಕ್ಸೆಲ್‌ಗೆ ಆ ಎಡಿಟಿಂಗ್‌ಗೆ ಆಸ್ಕರ್ ಬಂತು. ಇನ್ನೊಂದು ದಾರಿ 2003ರ ಕೊರಿಯನ್ ಸಿನಿಮಾ ‘ಓಲ್ಡ್‌ಬಾಯ್’ದು. ಕಾರಿಡಾರ್ ಫೈಟ್ ಒಂದೇ ಶಾಟ್. ನಾಯಕ ಸುಸ್ತಾಗ್ತಾನೆ, ಬೀಳ್ತಾನೆ, ಮತ್ತೆ ಏಳ್ತಾನೆ. ಆ ಸುಸ್ತನ್ನ ನೋಡಿದ ಮೇಲೆ ಅವನು ಗೆಲ್ಲಲಿ ಅಂತ ನಮಗೇ ಅನ್ನಿಸಿಬಿಡುತ್ತೆ. ನಿಮ್ಮ ಅಣ್ಣತಮ್ಮಂದಿರಿಗೂ ಏದುಸಿರು ಬರಲಿ.

ಕೈ ಮುಖಕ್ಕೆ ತಾಗಲೇಬೇಕಿಲ್ಲ. ಹೊಡೆಯೋನ ಬೆನ್ನ ಹಿಂದಿನಿಂದ ತೆಗೆದರೆ ನಡುವಿನ ಅಂತರ ಕಾಣಲ್ಲ. ಸದ್ದನ್ನ ಆಮೇಲೆ ಗೋಣಿಮೂಟೆಗೆ ಗುದ್ದಿ ರೆಕಾರ್ಡ್ ಮಾಡ್ಕೊಳ್ಳಿ. ಮಂಡಿಯ ನೆಲ ಸಿಮೆಂಟಿಂದಾದರೆ ಫ್ರೇಮಿಗೆ ಸಿಗದ ಹಾಗೆ ಹಾಸಿಗೆ ಹಾಕಿ. ನಿಧಾನವಾಗಿ ಪ್ರಾಕ್ಟೀಸ್ ಮಾಡದೆ ಯಾರನ್ನೂ ಬೀಳಿಸಬೇಡಿ.